ಬ್ಯಾಂಕ್ ಹರಾಜಿನ ಮನೆ: ಬಿಡ್ ಹಾಕೋ ಮುಂಚೆ ಎಂಜಿನಿಯರ್ ಕರ್ಕೊಂಡು ಹೋಗಿ ತೋರಿಸ್ಬೇಕಾ?

ಪ್ರಶ್ನೆ:

ಸಾರ್ ನಮಸ್ಕಾರ. ನಮ್ಮೂರು ಮಂಡ್ಯ ಕಡೆ, ಕೆಲಸ ಬೆಂಗಳೂರಲ್ಲಿ, ನಮ್ಮನೆಯವರ ತವರು ಹುಬ್ಬಳ್ಳಿ, ಮುಂದಿನ ವರ್ಷ ಅಲ್ಲಿಗೇ ಬಂದ್ಬಿಡೋಣ ಅಂತ ಇದೀವಿ. ಗೋಕುಲ್ ರೋಡ್ ಕಡೆ ಒಂದು ಮನೆ ಬ್ಯಾಂಕ್ ಹರಾಜಿಗೆ ಬಂದಿದೆ, ಸಾಲ ಕಟ್ಟಿಲ್ಲ ಅಂತ ಸರ್ಫೇಸಿ ಕಾಯ್ದೆಲಿ (ಕೋರ್ಟಿಗೆ ಹೋಗದೇ ಬ್ಯಾಂಕೇ ಅಡವಿಟ್ಟ ಆಸ್ತಿ ಮಾರೋ ಕಾನೂನು) ತಗೊಂಡಿರೋದು. 30-40 ಸೈಟು, ಕೆಳಗೆ ಒಂದು ಮನೆ ಮೇಲೆ ಒಂದು ಮನೆ, 2006ರಲ್ಲಿ ಕಟ್ಟಿದ್ದು, ಮೂರು ವರ್ಷದಿಂದ ಬೀಗ ಬಿದ್ದಿದೆ. ರಿಸರ್ವ್ ಪ್ರೈಸ್ (ಹರಾಜಿನ ಕನಿಷ್ಠ ಬೆಲೆ) 46 ಲಕ್ಷ, ಇಎಂಡಿ (ಬಿಡ್ ಹಾಕೋ ಮುಂಚೆ ಕಟ್ಟೋ ಠೇವಣಿ) 4.6 ಲಕ್ಷ. ಅಕ್ಕಪಕ್ಕ ಇಂಥದ್ದೇ ಮನೆಗೆ 65 ಹೇಳ್ತಾರೆ, ಅದಕ್ಕೇ ಆಸೆ.

ಒಬ್ಬ ಸಿವಿಲ್ ಎಂಜಿನಿಯರ್‌ನ ಕರ್ಕೊಂಡು ಹೋಗಿ ಪೂರ್ತಿ ತೋರಿಸೋಣ ಅಂದ್ರೆ ನಮ್ಮ ಮಾವನವರು ಬೇಡ ಅಂತಾರೆ, ಹರಾಜಲ್ಲಿ ಹೆಂಗಿದೆಯೋ ಹಂಗೇ ತಗೋಬೇಕು, ತಪ್ಪು ಕಂಡುಹಿಡಿದು ಯಾರ ಹತ್ರ ಚೌಕಾಸಿ ಮಾಡ್ತೀಯ, ಬಿಡ್ ಸಿಗ್ಲಿಲ್ಲ ಅಂದ್ರೆ ಆ ದುಡ್ಡೂ ದಂಡ ಅಂತ. ಇನ್ನೊಂದು, ಬ್ಯಾಂಕಿನವರೇ ವ್ಯಾಲ್ಯುವರ್ ಕಡೆಯಿಂದ ರಿಪೋರ್ಟ್ ಮಾಡಿಸಿರ್ತಾರಲ್ಲ, ಅದು ಸಾಲಲ್ವಾ? ಎಂಜಿನಿಯರ್ಸ್ ಯಾರಾದ್ರೂ ಇದ್ರೆ ಹೇಳಿ ಪ್ಲೀಸ್.

ಉತ್ತರ, ಹುಬ್ಬಳ್ಳಿಯ ಸಿವಿಲ್ ಎಂಜಿನಿಯರ್:

ನಮಸ್ಕಾರ್ರಿ. ಕರಕೊಂಡ ಹೋಗ್ರಿ, ಅದೂ ಇಎಂಡಿ ತುಂಬೂಕಿಂತ ಮೊದಲ. ಆಮ್ಯಾಲ ತೋರಿಸಿದ್ರ ಬರೇ ಚಿಂತಿ ಮಾಡಾಕ ಬರ್ತೈತಿ ಅಷ್ಟ.

ನಿಮ್ಮ ಮಾವನವ್ರು ಹೇಳೂದ್ರಾಗ ಅರ್ಧಾ ಖರೇ ಐತಿ. ಸಾದಾ ಖರೀದಿಯೊಳಗ ಛತ್ತು ಸೋರತೈತಿ ಅಂತ ತೋರಿಸಿದ್ರ ಮಾಲಕರು ಒಂದೆರಡು ಲಕ್ಷ ಇಳಸ್ತಾರ, ಇಲ್ಲಿ ಹಂಗ ಇಳಸಾಕ ಎದುರಿಗೆ ಮನಶಾನ ಇರಂಗಿಲ್ಲ. ಆದ್ರ ನಾವು ನೋಡೂದು ಚೌಕಾಸಿ ಮಾಡಾಕ ಅಲ್ರಿ. ರಿಪೇರಿ ಎಷ್ಟಕ್ಕ ಬೀಳತೈತಿ ಅಂತ ಗೊತ್ತಿದ್ರ ಲಿಲಾವಿನ (ಹರಾಜಿನ) ದಿನ ಕಂಪ್ಯೂಟರ್ ಮುಂದ ಕುಂತಾಗ ಬಟ್ಟು ಎಲ್ಲಿ ನಿಲ್ಲಸಬೇಕು ಅನ್ನೂದು ಗೊತ್ತಿರ್ತೈತಿ. ಗೊತ್ತಿರದವ್ರು ಎದುರಿನವ ಹತ್ತು ಸಾವಿರ ಏರಿಸಿದಂದ್ರ ತಾವೂ ಹತ್ತು ಏರಸ್ತಾ ಹೋಗ್ತಾರ, ನಾ ಭಾಳ ಮಂದೀನ ನೋಡೀನಿ.

ವ್ಯಾಲ್ಯುವರ್ ವರದಿ ಬ್ಯಾರೆ, ಇದು ಬ್ಯಾರೆ. ಬ್ಯಾಂಕಿನ ಸಲುವಾಗಿ ನಾನೂ ವ್ಯಾಲ್ಯುವೇಶನ್ ಮಾಡೀನಿ. ಜಾಗದ ರೇಟು, ಕಟ್ಟಡದ ಅಳತಿ, ಎಷ್ಟ ವರ್ಷ ಆತು, ಅದಕ್ಕ ಸವಕಳಿ ಕಳದು ಒಂದು ನಂಬರ್ ಹಾಕ್ತೇವಿ, ಅದರ ಮ್ಯಾಲ ಅವ್ರು ರಿಸರ್ವ್ ಪ್ರೈಸ್ ಇಡ್ತಾರ. ಸಂಡಾಸ ಪೈಪು ಕಟ್ಟೇತೋ ಇಲ್ಲೋ, ಛಜ್ಜಾದಾಗಿನ ರಾಡು ಜಂಗು ಹಿಡದೈತೋ, ಅದ್ಯಾವುದೂ ಆ ವರದಿಯೊಳಗ ಬರೂದಿಲ್ಲ.

ಈಗ ನಮ್ಮ ಹುಬ್ಬಳ್ಳಿ ಮಾತು. ಇಲ್ಲಿ ಭಾಳ ಕಡೆ ಎರಿ ಮಣ್ಣು, ಅಂದ್ರ ಕಪ್ಪು ಮಣ್ಣು. ಮಳಿಗಾಲದಾಗ ನೀರು ಕುಡದು ಉಬ್ಬತೈತಿ, ಬ್ಯಾಸಗ್ಯಾಗ ಒಣಗಿ ಕುಗ್ಗತೈತಿ, ಖಾಲಿ ಪ್ಲಾಟಿನಾಗ ನಿಂತು ನೋಡ್ರಿ ಕೈ ಹೋಗೂವಷ್ಟು ನೆಲ ಬಾಯಿ ಬಿಟ್ಟಿರ್ತೈತಿ. ಗರಸು (ಕೆಳಗಿನ ಗಟ್ಟಿ ಮಣ್ಣು) ಹತ್ತೂ ತನಕ ಪಾಯಾ ತಗದು, ಪ್ಲಿಂತ್ ಬೀಮ್ (ಪಾಯಾದ ಮ್ಯಾಲಿನ ಕಾಂಕ್ರೀಟ್ ತೊಲಿ) ಹಾಕಿ ಕಟ್ಟಿದ್ದಿದ್ರ ಚಿಂತಿಲ್ಲ, ರೊಕ್ಕ ಉಳಸಾಕ ಮ್ಯಾಲಮ್ಯಾಲ ಕಟ್ಟಿದ್ರ ಮನಿ ವರ್ಷಾ ಮ್ಯಾಲ ಕೆಳಗ ಆಡತೈತಿ. ಬಿರುಕು ಎಲ್ಲಾ ಮನ್ಯಾಗೂ ಇರ್ತಾವ, ಗಿಲಾವಿನ (ಪ್ಲಾಸ್ಟರಿನ) ಮ್ಯಾಲಿನ ಕೂದಲೆಳಿಯಂಥಾ ಬಿರುಕಿಗೆ ಅಂಜಬ್ಯಾಡ್ರಿ. ಕಿಡಕಿ ಮೂಲಿಯಿಂದ ಓರಿಯಾಗಿ, ಮೆಟ್ಟಲದಂಗ ಇಟ್ಟಂಗಿ ಸಂದಿಗುಂಟ ಹೋಗಿರೂದು, ಒಳಗೂ ಹೊರಗೂ ಒಂದ ಜಾಗದಾಗ ಕಾಣೂದು, ಅದಕ್ಕ ಅಂಜ್ರಿ. ನೀವು ನೋಡೂ ಟೈಮೂ ಲೆಕ್ಕಕ್ಕ ಹಿಡೀರಿ, ಮಳಿಗಾಲದಾಗ ಬಿರುಕು ಮುಚ್ಚಿಕೊಂಡಿರ್ತಾವ, ಮಾರ್ಚ್ ಏಪ್ರಿಲ್‌ನ್ಯಾಗ ಖರೇ ಮುಖಾ ಕಾಣತೈತಿ.

ಹೋದ ವರ್ಷ ಕೇಶ್ವಾಪುರದಾಗ ಇಂಥದ್ದ ಒಂದು ಮನಿ ನೋಡಾಕ ಹೋಗಿದ್ದೆ. ಹೊರಗ ಚೊಲೋ ಇತ್ತು. ಒಳಗ ಹೋಗಿ ಅಡಗಿಮನಿ ಛತ್ತಿಗೆ ಸಣ್ಣ ಸುತ್ತಗಿಲೆ ಬಡದೆ, ಒಂದು ಕಡೆ ಟಣ್ ಟಣ್ ಅಂತಿತ್ತು, ಸಿಂಕಿನ ಮ್ಯಾಲ ಬಂದ ಕೂಡ್ಲೆ ಡಬ್ ಡಬ್. ಇನ್ನೊಂದು ಏಟು ಹಾಕಿದ್ರ ತಾಟಿನಷ್ಟು ಕಾಂಕ್ರೀಟು ಕಳಚಿ ಬಿತ್ತು, ಒಳಗಿನ ರಾಡು ಬೆಲ್ಲದಂಗ ಪುಡಿ ಪುಡಿ. ಮ್ಯಾಲಿನ ಬಚ್ಚಲದ ನೀರು ಎಷ್ಟೋ ವರ್ಷ ಅಲ್ಲಿ ಇಳದಿತ್ತು. ಬ್ಯಾಂಕಿನ ಹುಡುಗ ಗಾಬರಿ ಆಗಿ ಸರ್ ಒಡೀಬ್ಯಾಡ್ರಿ ಅಂದ.

ಮುಚ್ಚಿಟ್ಟ ಮನಿ ಅಂದ್ರ ಇನ್ನೊಂದಿಷ್ಟು ತಾಪತ್ರಯ ಅದಾವ. ಬೋರಿನ ಮೋಟರು, ವೈರು, ನಳ ಯಾರೋ ಬಿಚ್ಚಿಕೊಂಡು ಹೋಗಿರ್ತಾರ. ಬಾಗಲ ಚೌಕಟ್ಟಿಗೆ ಗೆದ್ದಲಾ. ಕರೆಂಟ್ ಕಟ್ ಆಗಿರ್ತೈತಿ, ಅದಕ್ಕ ಟಾರ್ಚ್ ಒಯ್ಯಬೇಕು. ಎರಡು ಕೊಡ ನೀರು ಒಯ್ದು ಪ್ರತಿ ಬಚ್ಚಲಾ, ಸಂಡಾಸದಾಗ ಸುರುವಿ ಹೊರಗಿನ ಚೇಂಬರಿಗೆ ಬಂತೋ ಇಲ್ಲೋ ನೋಡ್ರಿ. ಇದಕ್ಕ ಎಂಜಿನಿಯರೂ ಬೇಕಾಗಿಲ್ಲ.

ಇಷ್ಟೆಲ್ಲಾ ಹೇಳಿದ್ದು ಒಳಗ ಬಿಟ್ಟರ ಮಾತ್ರ. ನಿಮ್ಮ ನೋಟೀಸಿನಾಗ ಭೌತಿಕ ಸ್ವಾಧೀನ ಅಂತ ಬರದಾರೋ, ಸಾಂಕೇತಿಕ ಸ್ವಾಧೀನ ಅಂತ ಬರದಾರೋ? ಕೀಲಿ ಯಾರ ಕೈಯಾಗ ಐತಿ? ಮೊದಲ ಇದನ್ನ ಹೇಳ್ರಿ.

ಇನ್ನೊಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿ:

ಎಂಜಿನಿಯರ್ ಸಾಹೇಬ್ರು ಕೊನೇಲಿ ಕೇಳಿದ ಪ್ರಶ್ನೆನೇ ಮೊದಲನೇದು. ನಾನು ಬ್ಯಾಂಕಲ್ಲಿದ್ದಾಗ ವಸೂಲಾತಿ ವಿಭಾಗದಲ್ಲೂ ಸ್ವಲ್ಪ ವರ್ಷ ಕೆಲಸ ಮಾಡಿದೀನಿ, ಹಾಗಾಗಿ ಆ ಕಡೆಯದ್ದು ಹೇಳ್ತೀನಿ. ಸಾಂಕೇತಿಕ ಸ್ವಾಧೀನ ಅಂದ್ರೆ ಬ್ಯಾಂಕು ಬಾಗಿಲಿಗೆ ನೋಟೀಸ್ ಅಂಟಿಸಿ ಪೇಪರಲ್ಲಿ ಹಾಕಿಸಿದೆ ಅಷ್ಟೇ, ಒಳಗೆ ಹಳೇ ಮಾಲೀಕರೋ ಬಾಡಿಗೆದಾರರೋ ಇನ್ನೂ ಇರಬಹುದು. ಅವರನ್ನ ಎಬ್ಬಿಸೋಕೆ 14ನೇ ಸೆಕ್ಷನ್ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್ ಹತ್ರ ಆದೇಶ ತರಬೇಕು, ಅದು ಎಳೆದಾಡುತ್ತೆ. ಅಂಥ ಮನೆಗೆ ಎಂಜಿನಿಯರ್ ಬಂದ್ರೂ ಗೇಟಿನ ಹೊರಗೇ ನಿಲ್ಲಬೇಕು. ಮೂರು ವರ್ಷ ಬೀಗ ಅಂತೀರಿ, ಬ್ಯಾಂಕಿನ ಸೀಲ್ ಆದ್ರೆ ಒಳ್ಳೇದು, ಮಾಲೀಕರೇ ಬೀಗ ಹಾಕಿ ಊರು ಬಿಟ್ಟಿದ್ರೆ ಕಥೆ ಬೇರೆ.

ದುಡ್ಡಿನ ವಿಷಯ ಸರಿಯಾಗಿ ತಿಳ್ಕೊಳ್ಳಿ. ಉದಾಹರಣೆಗೆ 48 ಲಕ್ಷಕ್ಕೆ ನಿಮ್ಮದೇ ಕೊನೇ ಬಿಡ್ ಅಂತಿಟ್ಕೊಳ್ಳಿ, ಅವತ್ತೇ ಅಥವಾ ಮಾರನೇ ವರ್ಕಿಂಗ್ ಡೇ ಒಳಗೆ ಇಎಂಡಿ ಸೇರಿ 25% ಅಂದ್ರೆ 12 ಲಕ್ಷ ಕಟ್ಟಬೇಕು. ಉಳಿದ 36 ಲಕ್ಷ ಸೇಲ್ ಕನ್ಫರ್ಮ್ ಆದ 15 ದಿನದಲ್ಲಿ, ಬರವಣಿಗೆಲಿ ಒಪ್ಪಿಗೆ ಕೊಟ್ರೆ ಹೆಚ್ಚಂದ್ರೆ ಮೂರು ತಿಂಗಳು. ಆಮೇಲೆ ಒಳಗೆ ಹೋಗಿ ಅಯ್ಯೋ ಗೋಡೆ ಬಿರುಕು ಬಿಟ್ಟಿದೆ ನಂಗೆ ಬೇಡ ಅಂದ್ರೆ ಆ 12 ಲಕ್ಷ ಹೋಯ್ತು. 25% ಪೂರ್ತಿ ಮುಟ್ಟುಗೋಲು ಹಾಕೋದು ಸರಿ ಅಂತ 2024ರ ಫೆಬ್ರವರಿಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೆಲವು ಸಾವಿರ ಫೀಸು ದಂಡ ಅಂತ ಯೋಚನೆ ಮಾಡೋರಿಗೆ ಈ 12 ಲಕ್ಷ ಕಣ್ಮುಂದೆ ಬರಬೇಕು.

ಇನ್ನು ಬಾಕಿಗಳು. ಹೆಸ್ಕಾಂ (ಅಲ್ಲಿನ ವಿದ್ಯುತ್ ಕಂಪನಿ) ಆರ್‌ಆರ್ ನಂಬರ್, ಅಂದ್ರೆ ಕರೆಂಟ್ ಕನೆಕ್ಷನ್ ನಂಬರ್ ತಗೊಂಡು ಹಳೇ ಬಾಕಿ ಎಷ್ಟಿದೆ ನೋಡಿ. ಹಳೇ ಮಾಲೀಕರ ಬಾಕಿ ತೀರಿಸಿದ್ರೇನೇ ಹೊಸ ಕನೆಕ್ಷನ್ ಅಂತ ವಿದ್ಯುತ್ ಕಂಪನಿ ಷರತ್ತು ಹಾಕಬಹುದು, ಇದೂ 2023ರಲ್ಲಿ ಸುಪ್ರೀಂ ಕೋರ್ಟಲ್ಲಿ ತೀರ್ಮಾನ ಆಗಿದೆ. ಕಾರ್ಪೊರೇಷನ್ ತೆರಿಗೆ, ನೀರಿನ ಬಿಲ್ಲು ಕೂಡ ವಿಚಾರಿಸಿ. ಇಸಿ (ಋಣಭಾರ ಪತ್ರ) ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ತೆಗೆಸಿ, ಹಳೇ ಮಾಲೀಕರು ಬೆಂಗಳೂರಿನ ಡಿಆರ್‌ಟಿಲಿ (ಸಾಲ ವಸೂಲಾತಿ ನ್ಯಾಯಮಂಡಳಿ) ಕೇಸ್ ಹಾಕಿದಾರಾ ಅಂತ ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಇಮೇಲ್‌ಲೇ ಕೇಳಿ, ಬಾಯಲ್ಲಿ ಕೇಳಿದ್ದಕ್ಕೆ ದಾಖಲೆ ಇರಲ್ಲ.

ಮತ್ತೊಬ್ಬರು, ತುಮಕೂರು:

ಸಾರ್ ನಾನು ತೋರಿಸದೇ ತಗೊಂಡವನು, ಕೇಳಿ ನನ್ನ ಕಥೆ. 2019ರಲ್ಲಿ ಹರಾಜಲ್ಲಿ ಒಂದು ಮನೆ ತಗೊಂಡೆ, ಗೋಡೆ ನೋಡಿದೆ ಛತ್ತು ನೋಡಿದೆ ಎಲ್ಲ ಸರಿಯಾಗಿತ್ತು, ನಾನೇ ದೊಡ್ಡ ಎಂಜಿನಿಯರ್ ಅನ್ಕೊಂಡೆ. ಗೃಹಪ್ರವೇಶದ ದಿನ ನೂರು ಜನ ಊಟಕ್ಕೆ ಕೂತಿದಾರೆ, ಕೈ ತೊಳೆದ ನೀರು ಹೊರಗೆ ಹೋಗ್ದೆ ವಾಪಸ್ ಹಾಲ್‌ಗೇ ಬರ್ತಿದೆ. ಆಮೇಲೆ ಅಗೆಸಿ ನೋಡಿದ್ರೆ ಆ ಮನೆಗೆ ಒಳಚರಂಡಿ ಕನೆಕ್ಷನ್ನೇ ಇಲ್ಲ, ಪೈಪು ಪಕ್ಕದ ಸೈಟಲ್ಲಿದ್ದ ಗುಂಡಿಗೆ ಬಿಟ್ಟಿದ್ರು, ಆ ಸೈಟಿನವರು ಮನೆ ಕಟ್ಟುವಾಗ ಗುಂಡಿ ಮುಚ್ಚಿ ಮೇಲೆ ಪಿಲ್ಲರ್ ಎತ್ತಿದ್ರು. ರಸ್ತೆ ಅಗೆಯೋಕೆ ಪರ್ಮಿಷನ್, ಹೊಸ ಲೈನು, ನೆಲದ ಟೈಲ್ಸ್ ಒಡೆದು ಮತ್ತೆ ಹಾಕಿದ್ದು ಎಲ್ಲ ಸೇರಿ 1.8 ಲಕ್ಷ ಆಯ್ತು. ಮೇಲೆ ಹೇಳಿದ್ರಲ್ಲ ಎರಡು ಕೊಡ ನೀರು, ಅದನ್ನ ಮಾಡಿದ್ರೆ ಸಾಕಿತ್ತು ನಾನು. ನಮ್ಮನೆಯವಳು ಈಗ್ಲೂ ಯಾರಾದ್ರೂ ಮನೆ ತಗೋತೀನಿ ಅಂದ್ರೆ ಮೊದಲು ಕೈ ತೊಳ್ಕೊಂಡು ನೋಡಿ ಅಂತಾಳೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಬ್ಯಾಂಕಿಗೆ ಫೋನ್ ಮಾಡಿದೆ, ಭೌತಿಕ ಸ್ವಾಧೀನನೇ, ಕೀಲಿ ಅವರ ಹತ್ರನೇ ಇದೆ, ಗುರುವಾರ 11 ಗಂಟೆಗೆ ತೋರಿಸ್ತೀವಿ ಅಂದ್ರು. ಡಿಆರ್‌ಟಿ ಕೇಸ್ ಬಗ್ಗೆ ಇಮೇಲ್ ಹಾಕಿದೀನಿ. ನಮ್ಮ ಭಾವಮೈದ ಪಕ್ಕದ ಮನೆ ಟೆರೇಸಿಂದ ನೋಡಿ ಫೋಟೋ ಕಳಿಸಿದ, ಹಿಂದಿನ ಗೋಡೆಲಿ ಕಿಟಕಿ ಮೂಲೆಯಿಂದ ಕೆಳಕ್ಕೆ ಓರೆಯಾಗಿ ಒಂದು ಬಿರುಕಿದೆ, ಎರಡು ರೂಪಾಯಿ ನಾಣ್ಯ ತೂರಿಸಬಹುದು ಅಂತಾನೆ. ಆ ಗೋಡೆಗೆ ಐದಾರು ಅಡಿ ದೂರದಲ್ಲಿ ದೊಡ್ಡ ಬಾದಾಮಿ ಮರ ಇದೆ. ಇನ್ನೊಂದು ವಿಷಯ, ಪಕ್ಕದ ಮನೆ ಅಜ್ಜಿ ಹೇಳಿದ್ರಂತೆ ಇದು ಮೂರನೇ ಸಲ ಹರಾಜಿಗೆ ಬಂದಿರೋದು, ಮೊದಲು 54 ಲಕ್ಷ ಇತ್ತು ಅಂತ. ಇಷ್ಟು ಗೊತ್ತಾದ ಮೇಲೆ ಕೈ ಬಿಟ್ಬಿಡೋದು ವಾಸಿನಾ?

ಉತ್ತರ, ಹುಬ್ಬಳ್ಳಿಯ ಸಿವಿಲ್ ಎಂಜಿನಿಯರ್:

ಕೈ ಬಿಡೂವಂಥಾದ್ದು ಇನ್ನೂ ಏನೂ ಆಗಿಲ್ರಿ. ಮೂರನೇ ಸಲ ಅಂದ್ರ ಎರಡು ಸಲ ಮಂದಿ ಬಂದು ನೋಡಿ ಹೊಳ್ಳಿ ಹೋಗ್ಯಾರ ಅಂತ ಆತು. ಯಾಕ ಹೋದ್ರು ಅನ್ನೂದು ಗುರುವಾರ ಗೊತ್ತಾಗತೈತಿ. ಒಮ್ಮೊಮ್ಮೆ ಬರೇ ಬಿರುಕು ನೋಡಿ ಅಂಜಿರ್ತಾರ, ಒಮ್ಮೊಮ್ಮೆ ಕಾಗದಪತ್ರದಾಗ ಹುಳುಕಿರ್ತೈತಿ. ಅದಕ್ಕ ನೀವು ಕಾರ್ಪೊರೇಷನ್ ಉತಾರಾ (ಆಸ್ತಿ ದಾಖಲೆ), ಮಂಜೂರಾದ ನಕಾಶೆ ಎರಡೂ ಕೇಳಿ ಇಟ್ಕೋರಿ, ಪ್ಲಾಟು ಎನ್‌ಎ (ಕೃಷಿಯೇತರ ಅಂತ ಪರಿವರ್ತನೆ) ಆಗಿದ್ದೋ ಗುಂಟೇವಾರಿಯೋ (ಪರಿವರ್ತನೆ ಇಲ್ಲದ ಗುಂಟೆ ಲೆಕ್ಕದಾಗ ಮಾರಿದ ಹೊಲದ ಜಾಗ) ನೋಡ್ರಿ. ನಾ ಟೇಪು ಹಿಡದು ಅಳತಿ ತಗೋತೀನಿ, ನಕಾಶೆಯೊಳಗ ಹಿಂದ ಬಿಟ್ಟ ಜಾಗಾ ಖರೇ ಐತೋ, ಇಲ್ಲಾ ಅದರ ಮ್ಯಾಲನೂ ಖೋಲಿ ಎಬ್ಬಿಸ್ಯಾರೋ ತಿಳೀತೈತಿ.

ಬಾದಾಮಿ ಗಿಡ ಐತೆಂದ್ರಿ ನೋಡ್ರಿ, ನನಗ ಅದ ಸಂಶಯ. ಎರಿ ಮಣ್ಣಿನಾಗ ಗ್ವಾಡಿ ಬಾಜೂಕ ದೊಡ್ಡ ಗಿಡ ಇದ್ರ ಬ್ಯಾಸಗ್ಯಾಗ ಅದು ಪಾಯಾದ ಬುಡದ ನೀರು ಎಳಕೊಂಡು ಒಂದು ಮೂಲಿ ಅಷ್ಟ ಕುಸೀತೈತಿ. ಬರೇ ಆ ಮೂಲಿ ಒಂದ ಆದ್ರ ದಾರಿ ಐತಿ, ಮನಿ ಸುತ್ತ ನೀರು ಇಳೀದಂಗ ಕಾಂಕ್ರೀಟ್ ಅಪ್ರಾನ್ ಹಾಕಿ, ಆ ಮೂಲಿ ಪಾಯಾ ಬಲಪಡಿಸಿ, ಬಿರುಕು ಹೊಲದು ಗಿಲಾವು ಮಾಡಬೇಕು. ನಾಕೂ ಮೂಲಿಗೆ ಹಂಗ ಇದ್ರ, ಮ್ಯಾಲಿನ ಮನಿ ನೆಲಾ ಇಳಿಜಾರಾಗಿದ್ರ, ನಾನ ಬ್ಯಾಡಂತೀನಿ. ಒಂದು ಗೋಲಿ ಒಯ್ತೀನಿ, ನೆಲದ ಮ್ಯಾಲ ಇಟ್ಟು ನೋಡೂಣು ಯಾ ಕಡೆ ಉರುಳತೈತಿ ಅಂತ. ಬಿರುಕಿನ ಮ್ಯಾಲ ಗಾಜಿನ ಪಟ್ಟಿ ಕೂಡಿಸಿ ತಿಂಗಳಾನುಗಟ್ಟಲೆ ನೋಡೂದು ಸರಿಯಾದ ಪದ್ಧತಿ, ಆದ್ರ ಲಿಲಾವು ಕಾಯಂಗಿಲ್ಲ.

ಲೆಕ್ಕ ಈಗ ಹಿಂಗ ಇಟ್ಕೋರಿ, ಗುರುವಾರ ನೋಡಿದ ಮ್ಯಾಲ ತಿದ್ದೂಣು. ಬಾಜೂ ಮನಿ 65 ಅಂತ ಹೇಳೂದು, ಹೋಗೂದು 60ಕ್ಕ. ರಿಪೇರಿ, ವೈರಿಂಗ್, ಮೋಟರು, ಬಣ್ಣಾ ಹಿಡದು 7 ಕಳೀರಿ. ಹಳೇ ಬಾಕಿ, ಓಡಾಟ, ಗೊತ್ತಿಲ್ಲದ್ದಕ್ಕ ಅಂತ 3 ಕಳೀರಿ. 50 ಉಳೀತು. ಅದರ ಒಳಗ ಸಿಕ್ಕರ ತಗೋರಿ. 50 ಮುಟ್ಟಿದ್ರ 1% ಟಿಡಿಎಸ್ (ಕೊಡೂ ರೊಕ್ಕದಾಗ ಮೊದಲ ಮುರಿಯೂ ಆದಾಯ ತೆರಿಗೆ) ಹಿಡದು ತುಂಬೂ ಕೆಲಸಾನೂ ನಿಮಗ ಬರತೈತಿ, ಅದನ್ನ ನಿಮ್ಮ ಸಿಎಗೆ ಕೇಳ್ರಿ. ನನ್ನ ಫೀ 5,000, ನಾಕ ಪುಟದ ವರದಿ, ಫೋಟೋ ಸಹಿತ. ಮನಿ ಬ್ಯಾಡ ಅಂತ ನಾ ಬರದ್ರೂ ಫೀ ಅಷ್ಟ.

ಗುರುವಾರ 11ಕ್ಕಂದ್ರ ನಾ ಹತ್ತೂವರಿಗೆ ಅಲ್ಲಿರ್ತೀನಿ. ಭಾವಮೈದುನರಿಗೆ ಹೇಳಿ ಬಾಜೂ ಮನಿ ಅಜ್ಜಿ ಕಡೆ ಎರಡು ಕೊಡ ನೀರು ಕೇಳಿ ಇಡ್ರಿ, ಒಂದು ಏಣೀನೂ ಬೇಕಾಗತೈತಿ, ಓವರ್‌ಹೆಡ್ ಟ್ಯಾಂಕಿನ ಕೆಳಗಿನ ಸ್ಲ್ಯಾಬ್ ನೋಡಬೇಕು. ಬ್ಯಾಂಕಿನವ್ರು ಕೀಲಿ ಅಷ್ಟ ತರ್ತಾರ.