ಭೂತಾನ್ ಎರಡೂವರೆ ವರ್ಷ ಗೇಟು ಮುಚ್ಚಿದ್ದು ಸರಿನಾ? ಈಗ ಅಮ್ಮನ ಜೊತೆ ಹೋಗೋಕೆ ಏನೇನು ಬೇಕು?

ಹಾವೇರಿ_ಹುಡುಗ

ಎಲ್ಲರಿಗೂ ನಮಸ್ಕಾರ. 2020ರ ಮಾರ್ಚ್‌ನಲ್ಲಿ ಅಪ್ಪ, ಅಮ್ಮ, ನಾನು, ಹೆಂಡತಿ ನಾಲ್ಕೂ ಜನ ಭೂತಾನ್‌ಗೆ ಹೊರಟಿದ್ದೆವು. ಬಂಗಾಳದ ಬಾಗ್ಡೋಗ್ರಾದಲ್ಲಿ ಇಳಿದು ನಮ್ಮ ಕಡೆಯ ಗಡಿ ಊರು ಜೈಗಾಂವ್ ಮುಟ್ಟಿದ್ದು 7ನೇ ತಾರೀಕು. ಹಿಂದಿನ ದಿನವೇ ಭೂತಾನ್‌ನಲ್ಲಿ ಮೊದಲ ಕೋವಿಡ್ ಕೇಸು ಅಂತ ಸುದ್ದಿ ಬಂದು ಪ್ರವಾಸಿಗರನ್ನು ನಿಲ್ಲಿಸಿಬಿಟ್ಟಿದ್ದರು. ಗಡಿ ಗೇಟಿನ ಆಚೆ ಭೂತಾನ್‌ನ ಫುಂಟ್‌ಶೋಲಿಂಗ್ ಊರು ಕಣ್ಣಿಗೆ ಕಾಣ್ತಿತ್ತು, ಒಳಗೆ ಹೋಗೋಕೆ ಆಗಲಿಲ್ಲ. ಎರಡು ವಾರ ಅಷ್ಟೇ ಅಂದಿದ್ದರು. ಮತ್ತೆ ತೆಗೆದದ್ದು 2022ರ ಸೆಪ್ಟೆಂಬರ್ 23ಕ್ಕೆ.

ಟ್ರಾವೆಲ್ಸ್‌ನವರು ಮುಂಗಡದಲ್ಲಿ ಅರ್ಧ ಮಾತ್ರ ವಾಪಸ್ ಕೊಟ್ಟರು, ಅದು ಹೋಗಲಿ. ಪಾರೋದ ಬಂಡೆ ಮೇಲಿನ ತಕ್ತ್ಸಾಂಗ್ ಮಠ ನೋಡಬೇಕು ಅಂತ ಅಪ್ಪನಿಗೆ ತುಂಬಾ ಆಸೆ ಇತ್ತು. 2021ರ ಮೇನಲ್ಲಿ ಕೋವಿಡ್‌ನಿಂದಲೇ ಹೋಗಿಬಿಟ್ಟರು. ಬೆಡ್ ಹುಡುಕಿ ಹುಡುಕಿ ಸಾಕಾಗಿತ್ತು. ಆಮೇಲೆ ಒಂದು ದಿನ ಓದಿದೆ, ಅಷ್ಟೊತ್ತಿಗೆ ಭೂತಾನ್‌ನಲ್ಲಿ ಸತ್ತವರು ಒಬ್ಬರೇ ಅಂತ. ಅವತ್ತಿನಿಂದ ಈ ಪ್ರಶ್ನೆ ತಲೆಯಲ್ಲಿದೆ. ನಮ್ಮನ್ನು ವಾಪಸ್ ಕಳಿಸಿದ ಆ ಗೇಟು ಅಲ್ಲಿನವರನ್ನು ನಿಜವಾಗಲೂ ಉಳಿಸಿತಾ? ಅಷ್ಟು ದಿನ ಮುಚ್ಚೋದು ಬೇಕಿತ್ತಾ? ಅಲ್ಲಿದ್ದವರು ಯಾರಾದರೂ ಹೇಳಿ.

ಅಕ್ಟೋಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅವರಿಗೆ 68, ಮಂಡಿ ನೋವಿದೆ. ಈಗಿನ ನಿಯಮ ಏನು ಅಂತಲೂ ತಿಳಿಸಿ.

ಹೊಳೆದಂಡೆ

ನಿಮ್ಮ ತಂದೆಯವರ ವಿಷಯ ಓದಿ ಬೇಜಾರಾಯಿತು.

ನಾನು ಆಗ ವಾಂಗ್ಡೂ ಕಡೆ ಪುನಾತ್ಸಾಂಗ್‌ಛು ಜಲವಿದ್ಯುತ್ ಕಾಮಗಾರಿಯಲ್ಲಿ ಸಿವಿಲ್ ಕೆಲಸದಲ್ಲಿದ್ದೆ. ಮೊದಲ ರೋಗಿ 76 ವರ್ಷದ ಅಮೆರಿಕದ ಪ್ರವಾಸಿ. ಭಾರತ ಸುತ್ತಿಕೊಂಡು ಬಂದಿದ್ದರು. ಅಲ್ಲಿ ಯಾಕೆ ಅಷ್ಟು ಹೆದರಿದರು ಅಂದರೆ, ಇಡೀ ದೇಶಕ್ಕೆ ಮುನ್ನೂರ ಚಿಲ್ಲರೆ ಡಾಕ್ಟರು. ಜನ ಎಂಟು ಲಕ್ಷಕ್ಕೂ ಕಡಿಮೆ, ಆದರೆ ಒಂದು ಊರಿಂದ ಇನ್ನೊಂದಕ್ಕೆ ಹೋಗೋಕೆ ಬೆಟ್ಟದ ತಿರುವಿನಲ್ಲಿ ಇಡೀ ದಿನ ಬೇಕು. ರೋಗ ಒಳಗೆ ಹರಡಿದ್ದರೆ ಆಸ್ಪತ್ರೆಗೆ ಎಲ್ಲಿಗೆ ಓಡೋದು? ಆಗಿನ ಪ್ರಧಾನಿ ಲೋತೇ ತ್ಶೆರಿಂಗ್ ಸ್ವತಃ ಸರ್ಜನ್, ಅವರಿಗೆ ಈ ಲೆಕ್ಕ ಗೊತ್ತಿತ್ತು. ಮಾರ್ಚ್ 23ಕ್ಕೆ ರಸ್ತೆ ಗಡಿಗಳನ್ನೂ ಮುಚ್ಚಿದರು.

ಆದರೆ ಸುಮ್ನೆ ಬಾಗಿಲು ಹಾಕಿ ಕೂತರು ಅಂದುಕೊಳ್ಳಬೇಡಿ. ಹೊರದೇಶದಲ್ಲಿದ್ದ ತಮ್ಮ ಜನರನ್ನು ವಾಪಸ್ ಕರೆಸಿದರು, ಬೆಂಗಳೂರಿನಲ್ಲಿ ಓದುತ್ತಿದ್ದ ಹುಡುಗರೂ ಹೋದರು. ಬಂದವರು 21 ದಿನ ಹೋಟೆಲ್‌ನಲ್ಲಿ ಕ್ವಾರಂಟೈನ್, ಖರ್ಚು ಸರ್ಕಾರದ್ದು. ಬೇರೆ ಕಡೆ 14 ದಿನ ಇದ್ದಾಗ ಇಲ್ಲಿ 21. ಕೆಲಸ ಹೋದವರಿಗೆ ರಾಜರ ನಿಧಿಯಿಂದ ತಿಂಗಳು ತಿಂಗಳು ದುಡ್ಡು ಬರುತ್ತಿತ್ತು, ಅದನ್ನು ಕಿದು ಅಂತಾರೆ. ಇಷ್ಟಾದರೂ ಒಂದು ಕೇಸು ಕಣ್ಣು ತಪ್ಪಿಸಿಕೊಂಡಿತು. ಕುವೈತ್‌ನಿಂದ ಬಂದ 27 ವರ್ಷದ ಹೆಣ್ಣುಮಗಳು ಕ್ವಾರಂಟೈನ್ ಮುಗಿಸಿ, ಟೆಸ್ಟ್ ನೆಗೆಟಿವ್ ಬಂದು ಹೊರಗೆ ಹೋದ ಮೇಲೆ ಪಾಸಿಟಿವ್ ಆದರು. ಅದಕ್ಕೇ 2020ರ ಆಗಸ್ಟ್ 11ರಂದು ಇಡೀ ದೇಶ ಮೊದಲ ಸಲ ಲಾಕ್‌ಡೌನ್. ಕಿತ್ತಳೆ ಬಣ್ಣದ ಸಮವಸ್ತ್ರದ ಸ್ವಯಂಸೇವಕರು, ದೆಸೂಪ್ ಅಂತ ಕರೀತಾರೆ, ಮಳೆಯಲ್ಲಿ ನಿಂತು ರಸ್ತೆ ಕಾಯುತ್ತಿದ್ದರು. ನಮ್ಮ ಕ್ಯಾಂಪಿಗೆ ಅಕ್ಕಿ, ತರಕಾರಿ ಬರೋದು ಒಂದು ದಿನವೂ ನಿಲ್ಲಲಿಲ್ಲ. ನಾನು ಹದಿನಾಲ್ಕು ತಿಂಗಳು ಮನೆಗೆ ಬರಲಿಲ್ಲ. ಮಗಳು ನಡೆಯೋದು ಕಲಿತಿದ್ದನ್ನು ವಿಡಿಯೋ ಕಾಲ್‌ನಲ್ಲಿ ನೋಡಿದೆ. ಆದರೂ ಅವರು ಮಾಡಿದ್ದು ಸರಿ ಅಂತಲೇ ನಾನು ಹೇಳೋದು. ಕೊನೆಗೆ ಅಲ್ಲಿ ಸತ್ತವರ ಲೆಕ್ಕ 21.

ತೋರ್ಸಾ_ನದಿ

ಹೊಳೆದಂಡೆ ಸರ್ ಹೇಳಿದ್ದು ಗೇಟಿನ ಒಳಗಿನ ಕಥೆ. ನಾನು ಬ್ಯಾಂಕ್ ಕೆಲಸದ ಮೇಲೆ ಆಗ ಜೈಗಾಂವ್‌ನಲ್ಲಿದ್ದೆ, ಗೇಟಿನ ಹೊರಗೆ. ಈ ಕಡೆಯವರ ಪಾಡು ಯಾರೂ ಬರೆಯಲ್ಲ, ಅದಕ್ಕೇ ಬರೀತಿದ್ದೇನೆ.

ಮುಂಚೆ ಆ ಎರಡೂ ಊರು ಬೇರೆ ದೇಶ ಅಂತ ಅನ್ನಿಸುತ್ತಲೇ ಇರಲಿಲ್ಲ. ಬೆಳಗ್ಗೆ ಈ ಕಡೆಯ ಗಾರೆ ಕೆಲಸದವರು ಆ ಕಡೆ ಹೋಗೋರು, ಸಂಜೆ ಆ ಕಡೆಯವರು ಈ ಕಡೆ ಸಂತೆಗೆ ಬರೋರು. ಜೈಗಾಂವ್ ಅಂಗಡಿಗಳಿಗೆ ಮುಖ್ಯ ಗಿರಾಕಿಗಳೇ ಭೂತಾನಿನವರು. ಒಂದೇ ದಿನಕ್ಕೆ ಎಲ್ಲಾ ನಿಂತಿತು. ಲಾರಿಯಲ್ಲಿ ಸಾಮಾನು ಮಾತ್ರ ಹೋಗುತ್ತಿತ್ತು. ನಮ್ಮ ಬ್ರಾಂಚಿಗೆ ಬರುತ್ತಿದ್ದ ಒಬ್ಬ ಬಟ್ಟೆ ಅಂಗಡಿಯವರು ಮೂವತ್ತು ವರ್ಷದ ವ್ಯಾಪಾರ ಬಿಟ್ಟು ಅಂಗಡಿ ಮಾರಿದರು. ಸಾಲದ ಕಂತು ಕೇಳೋಕೆ ನಾನೇ ಫೋನ್ ಮಾಡಬೇಕಿತ್ತು, ಆ ದಿನಗಳು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತೆ. ಫುಂಟ್‌ಶೋಲಿಂಗ್ ಜನರಿಗೂ ಸುಖ ಇರಲಿಲ್ಲ. ಗಡಿ ಊರು ಅಂತ ಅವರು ತಮ್ಮದೇ ರಾಜಧಾನಿ ಥಿಂಫುಗೆ ಹೋಗಬೇಕಾದರೂ ಮೊದಲು ಕ್ವಾರಂಟೈನ್ ಕೂರಬೇಕಿತ್ತು.

ಮೊದಲ ವರ್ಷ ಮುಚ್ಚಿದ್ದು ಸರಿ, ನಾನೂ ಒಪ್ಪುತ್ತೇನೆ. 2021ರ ಜುಲೈಗೆ ಅರ್ಹ ವಯಸ್ಕರಲ್ಲಿ ನೂರಕ್ಕೆ 90 ಜನಕ್ಕೆ ಎರಡನೇ ಡೋಸ್ ಆಗಿತ್ತಲ್ವಾ? ಅದಾದ ಮೇಲೂ ವರ್ಷದ ಮೇಲೆ ದಿನಗೂಲಿಯವರಿಗೆ ಗೇಟು ತೆಗೆಯದೇ ಇದ್ದದ್ದು ನನಗೆ ಒಪ್ಪಿಗೆ ಇಲ್ಲ. ಒಳಗಿನವರಿಗೆ ಕಿದು ಇತ್ತು, ಹೊರಗಿನವರಿಗೆ ಏನಿತ್ತು?

ಹೊಳೆದಂಡೆ

ನಿಮ್ಮ ಮಾತು ನಿಜ ಮೇಡಂ, ಆ ಕಡೆ ನಾನು ಯೋಚನೆ ಮಾಡಿರಲಿಲ್ಲ. ಡೆಲ್ಟಾ, ಆಮೇಲೆ ಒಮಿಕ್ರಾನ್ ಬಂದಿದ್ದರಿಂದ ಅವರಿಗೆ ಧೈರ್ಯ ಬರಲಿಲ್ಲ ಅನ್ಸುತ್ತೆ. ಆದರೆ ದಿನಗೂಲಿಯವರ ಬಗ್ಗೆ ನನ್ನ ಹತ್ತಿರ ಉತ್ತರ ಇಲ್ಲ.

ಲಸಿಕೆ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಭಾರತ ಕೊಟ್ಟ ಕೋವಿಶೀಲ್ಡ್ 2021ರ ಜನವರಿಯಲ್ಲೇ ಬಂದಿತ್ತು, ಆದರೆ ಅಶುಭ ತಿಂಗಳು ಅಂತ ಕಾದರು. ಮಾರ್ಚ್ 27ಕ್ಕೆ ಮುಹೂರ್ತ. ಮೊದಲ ಚುಚ್ಚುಮದ್ದು ಅವರ ಪಂಚಾಂಗದ ಮಂಗನ ವರ್ಷದಲ್ಲಿ ಹುಟ್ಟಿದ 30 ವರ್ಷದ ಹೆಂಗಸಿಗೆ, ಪ್ರಾರ್ಥನೆ ಜೊತೆ. ಎರಡೇ ವಾರದಲ್ಲಿ ಬಹುತೇಕ ಎಲ್ಲಾ ವಯಸ್ಕರಿಗೂ ಕೊಟ್ಟು ಮುಗಿಸಿದರು. ನಮ್ಮ ಮನೆಗಳಲ್ಲೂ ಒಳ್ಳೆ ದಿನ ನೋಡೇ ಕೆಲಸ ಶುರು ಮಾಡೋದು, ಅದಕ್ಕೇ ನನಗೆ ಅದು ಹೊರಗಿನದು ಅಂತ ಅನ್ನಿಸಲಿಲ್ಲ.

ಶಿರಸಿ_ಅಕ್ಕ

ಹಾವೇರಿಯವರೇ, ನಾವು ಗೇಟು ತೆಗೆದ ಮೇಲೆ ನವೆಂಬರ್‌ನಲ್ಲಿ ಅತ್ತೆಯವರನ್ನು ಕರೆದುಕೊಂಡು ಹೋಗಿ ಬಂದೆವು. ನಮಗೆ ವೀಸಾ ಬೇಡ, ಪರ್ಮಿಟ್ ಬೇಕು. ಪಾಸ್‌ಪೋರ್ಟ್ ಇಲ್ಲಾ ವೋಟರ್ ಐಡಿ ಇರಲೇಬೇಕು, ಆಧಾರ್ ನಡೆಯಲ್ಲ. ನಮ್ಮ ಪಕ್ಕದಲ್ಲಿದ್ದ ಒಂದು ಕುಟುಂಬ ಬರೀ ಆಧಾರ್ ಹಿಡಿದು ಬಂದು ಅಳುತ್ತಾ ನಿಂತಿತ್ತು, ಅದಕ್ಕೇ ಒತ್ತಿ ಹೇಳ್ತಿದ್ದೀನಿ. ಒಬ್ಬರಿಗೆ ಒಂದು ರಾತ್ರಿಗೆ 1200 ರೂಪಾಯಿ ಶುಲ್ಕ, ಮುಂಚೆ ನಮ್ಮವರಿಗೆ ಅದು ಇರಲಿಲ್ಲ. ಬೇರೆ ದೇಶದವರಿಗೆ 2022ರಲ್ಲಿ 200 ಡಾಲರ್ ಮಾಡಿದ್ದರು, ಮುಂದಿನ ವರ್ಷ 100ಕ್ಕೆ ಇಳಿಸಿದರು. ಹೊರಡೋ ಮುಂಚೆ ನಿಯಮ ಇನ್ನೊಂದು ಸಲ ನೋಡಿಕೊಳ್ಳಿ.

ತಕ್ತ್ಸಾಂಗ್ ವಿಷಯ. ಕುದುರೆ ಅರ್ಧ ದಾರಿಯ ಕೆಫೆಟೇರಿಯಾ ತನಕ ಮಾತ್ರ ಹೋಗುತ್ತೆ. ಆಮೇಲೆ ಹತ್ತೋದು, ಇಳಿಯೋದು, ಮತ್ತೆ ಮೆಟ್ಟಿಲು. ಅತ್ತೆಯವರು ಅಲ್ಲೇ ಕೂತರು. ಅಲ್ಲಿಂದ ಎದುರಿಗೇ ಮಠ ಕಾಣುತ್ತೆ. ನಿಮ್ಮ ಅಮ್ಮನಿಗೂ ಅಲ್ಲಿ ತನಕ ಸಾಕು. ಪಾರೋದಲ್ಲಿ ಕ್ಯಿಚು ಲಾಖಾಂಗ್ ಅಂತ ಹಳೇ ದೇವಸ್ಥಾನ ಇದೆ, ಹತ್ತೋದೇ ಇಲ್ಲ, ಸಮತಟ್ಟು. ವಯಸ್ಸಾದವರು ಬೆಳಗ್ಗೆಯಿಂದ ಮಣಿಚಕ್ರ ತಿರುಗಿಸುತ್ತಾ ಕೂತಿರ್ತಾರೆ. ಅಲ್ಲಿಗೆ ಖಂಡಿತ ಕರೆದುಕೊಂಡು ಹೋಗಿ.

ಹಾವೇರಿ_ಹುಡುಗ

ಎಲ್ಲರಿಗೂ ಧನ್ಯವಾದ. ಎರಡು ಕಡೆಯ ಮಾತೂ ಓದಿದೆ. ನಮ್ಮನ್ನು ವಾಪಸ್ ಕಳಿಸಿದ ದಿನ ಜೈಗಾಂವ್‌ನಲ್ಲಿ ಒಬ್ಬ ಚಹಾ ಅಂಗಡಿಯವರು ಅಪ್ಪನಿಗೆ ಕುರ್ಚಿ ಕೊಟ್ಟು ಕೂರಿಸಿದ್ದರು, ದುಡ್ಡು ತಗೊಳ್ಳಲಿಲ್ಲ. ತೋರ್ಸಾ ಮೇಡಂ, ಗೇಟಿನ ಎಡಕ್ಕೆ, ಹಣ್ಣಿನ ಗಾಡಿಗಳ ಹಿಂದೆ ಇತ್ತು. ಆ ಅಂಗಡಿ ಈಗ ಇದೆಯಾ, ನಿಮಗೇನಾದರೂ ಗೊತ್ತಾ? ಅಮ್ಮನ ವೋಟರ್ ಐಡಿಯಲ್ಲಿ ಹೆಸರು ತಪ್ಪಿದೆ, ನಾಳೆಯೇ ತಿದ್ದುಪಡಿಗೆ ಹಾಕ್ತೀನಿ.