ಸಹಾಯ ಬೇಕು: ಶಿಲೀಂಧ್ರ ಪ್ಲೇಟಿನಲ್ಲಿ ಪೆರಾಕ್ಸೈಡ್ ತಡ್ಕೊಳ್ಳುತ್ತೆ, ಅದನ್ನ ಒಡೆಯೋ ಕಿಣ್ವ ಕ್ಯಾಟಲೇಸ್ ಮಾತ್ರ ಹೆಚ್ಚಿಲ್ಲ

ಕಲಬುರಗಿ ಭಾಗದ ತೊಗರಿ ಸೊರಗು ರೋಗದ ಗಿಡಗಳಿಂದ ತೆಗೆದ ಫ್ಯುಸೇರಿಯಂ ಉಡಮ್ ಶಿಲೀಂಧ್ರ, ಎರಡು ಐಸೊಲೇಟ್ (ಬೇರ್ಪಡಿಸಿ ಬೆಳೆಸಿದ ಕಲ್ಚರ್). 5 ಮಿಲಿಮೋಲಾರ್ ಹೈಡ್ರೋಜನ್ ಪೆರಾಕ್ಸೈಡ್ ಇರುವ ಪಿಡಿಎ (ಆಲೂಗಡ್ಡೆ-ಡೆಕ್ಸ್ಟ್ರೋಸ್ ಅಗಾರ್) ಮೇಲೆ ಒಂದು ಆರಾಮಾಗಿ ಹರಡುತ್ತೆ, ಇನ್ನೊಂದು ಇಟ್ಟ ಕಲ್ಚರ್ ಬಿಲ್ಲೆ ಬಿಟ್ಟು ಕದಲಲ್ಲ. ಆದರೆ ದ್ರವ ಮಾಧ್ಯಮದಲ್ಲಿ ಬೆಳೆಸಿದ ಮೈಸೀಲಿಯಂ (ಶಿಲೀಂಧ್ರದ ಎಳೆಗಳು) ಅರೆದು ನೋಡಿದರೆ, ಪ್ರತಿ ಮಿಲಿಗ್ರಾಂ ಪ್ರೋಟೀನಿಗೆ ಕ್ಯಾಟಲೇಸ್ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ!

ಮಾಧ್ಯಮ 50 ಡಿಗ್ರಿಗೆ ಇಳಿದ ಮೇಲೆಯೇ ಪೆರಾಕ್ಸೈಡ್ ಬೆರೆಸಿದ್ದು, 500 ಮಿಲಿಗೆ 30% ದ್ರಾವಣ 255 ಮೈಕ್ರೊಲೀಟರ್. ಪ್ಲೇಟು ಅದೇ ದಿನದ್ದು. ಕ್ಯಾಟಲೇಸ್ ಅಳತೆ 240 ನ್ಯಾನೊಮೀಟರ್‌ನಲ್ಲಿ, ಪಿಎಚ್ 7ರ ಫಾಸ್ಫೇಟ್ ಬಫರ್, 10 ಮಿಲಿಮೋಲಾರ್ ಪೆರಾಕ್ಸೈಡ್. ಬೆಳಕಿನ ಹೀರಿಕೆಯಲ್ಲಿ ಮೊದಲ 30 ಸೆಕೆಂಡಿನ ಇಳಿಕೆ ಮಾತ್ರ ಲೆಕ್ಕಕ್ಕೆ. ಆಮೇಲೆ ಕುವೆಟ್ ಗೋಡೆಗೆ ಆಕ್ಸಿಜನ್ ಗುಳ್ಳೆ ಅಂಟಿ ರೀಡಿಂಗ್ ಕುಣಿಯುತ್ತೆ. ರಸ 10 ಪಟ್ಟು ತೆಳು ಮಾಡಿದರೂ ಫಲಿತಾಂಶ ಅದೇ.

ಗೊಂದಲ ಇಲ್ಲೇ. ಬಿಲ್ಲೆಯಲ್ಲಿ ಕೊನಿಡಿಯಾನೂ (ಬೀಜಕಣ) ಇರುತ್ತೆ, ಆಸ್ಪರ್ಜಿಲಸ್‌ನಲ್ಲಂತೂ ಕೊನಿಡಿಯಾದ ಕ್ಯಾಟಲೇಸೇ ಬೇರೆ. ಅಥವಾ ಒತ್ತಡ ಕಾಣದ ಮೈಸೀಲಿಯಂನಲ್ಲಿ ಕಿಣ್ವ ಇನ್ನೂ ಏರಿಯೇ ಇಲ್ಲವಾ? ಪೆರಾಕ್ಸಿರೆಡಾಕ್ಸಿನ್ (ಪೆರಾಕ್ಸೈಡ್ ಕಳೆಯೋ ಇನ್ನೊಂದು ಕಿಣ್ವ) ಕೆಲಸ ಮಾಡ್ತಿದ್ದರೆ ಈ ಅಳತೆಗೆ ಅದು ಸಿಗೋದೂ ಇಲ್ಲ.

ಉಳಿದಿರೋ ಕಲ್ಚರ್ ಒಂದೇ ಪ್ರಯೋಗಕ್ಕೆ ಸಾಲುತ್ತೆ. ಅರೆಯೋ ಮುಂಚೆ 0.5 ಮಿಲಿಮೋಲಾರ್ ಪೆರಾಕ್ಸೈಡ್‌ನಲ್ಲಿ 30 ನಿಮಿಷ ಇಡೋದಾ, ಇಲ್ಲ ನೇಟಿವ್ ಜೆಲ್ (ಕಿಣ್ವ ಕೆಡದ ಹಾಗೆ ಪ್ರೋಟೀನ್ ಬೇರ್ಪಡಿಸೋದು) ಓಡಿಸಿ ಫೆರಿಸಯನೈಡ್ ಬಣ್ಣದಲ್ಲಿ ಕ್ಯಾಟಲೇಸ್ ಪಟ್ಟಿ ನೋಡೋದಾ? ಮೊದಲು ಯಾವುದು, ಯಾಕೆ?