ಊರಿನ ನಕ್ಷೆ ಗೋಡೆ ಮೇಲೆ ಬರೆಯಬೇಕು, ಎಲ್ಲಿಂದ ಶುರು ಮಾಡೋದು?

ಪ್ರಶ್ನೆ (ಶಾಲಾ ಶಿಕ್ಷಕಿ, ಪಾಂಡವಪುರ ತಾಲೂಕು):
ನಮಸ್ಕಾರ ಸಾರ್. ಶಾಲೆ ಗೋಡೆ ಮೇಲೆ ಏಳನೇ ತರಗತಿ ಮಕ್ಕಳ ಕೈಲಿ ನಮ್ಮೂರ ನಕ್ಷೆ ಬರೆಸಬೇಕು ಅಂತ ಆಸೆ. ಹೊಲ ಗದ್ದೆ ಎಲ್ಲ ಸೇರಿ ಊರು ಪೂರ್ವ ಪಶ್ಚಿಮ ಸುಮಾರು 3 ಕಿ.ಮೀ., ಉತ್ತರ ದಕ್ಷಿಣ 2 ಕಿ.ಮೀ. ಇದೆ. ಗೋಡೆ 6 ಅಡಿ ಅಗಲ, 5 ಅಡಿ ಎತ್ತರ. ಹೋದ ವಾರ ಶಾಲೆ ಬಾಗಿಲಿಂದ ಒಂದೊಂದೇ ಬೀದಿ ಟೇಪು ಹಿಡಿದು ಅಳೆದು ಹಾಳೆಯಲ್ಲಿ ಬರೆದೆವು. ನಾಲೆ ಹತ್ತಿರ ಬರುವಷ್ಟರಲ್ಲಿ ಹಾಳೆ ಮುಗಿಯಿತು. ಕೊನೆಯ ಬೀದಿ ಮೊದಲ ಬೀದಿಗೆ ಸೇರಲೇ ಇಲ್ಲ. ಮಕ್ಕಳು ಸಪ್ಪಗಾದರು. ಎಲ್ಲಿ ತಪ್ಪಿದೆವು?

ಉತ್ತರ (ನಿವೃತ್ತ ಭೂಮಾಪಕ, ಮಂಡ್ಯ):
ಮೇಡಂ, ಮಕ್ಕಳ ತಪ್ಪಲ್ಲ. ಕ್ರಮ ತಿರುಗುಮುರುಗಾಗಿದೆ, ಅಷ್ಟೇ. ಮೊದಲು ಇಡೀ ಊರಿನ ಚೌಕಟ್ಟು, ಆಮೇಲೆ ಒಳಗಿನ ಬೀದಿ. 30 ಮೀಟರ್ ಟೇಪು ಜೋಲು ಬಿದ್ದು ಪ್ರತಿ ಸಲ 10 ಸೆಂ.ಮೀ. ತಪ್ಪಿತು ಅಂದುಕೊಳ್ಳಿ. 3 ಕಿ.ಮೀ.ಗೆ ಟೇಪು 100 ಸಲ ಹಿಡಿಯಬೇಕು. ಅಲ್ಲಿಗೆ 10 ಮೀಟರ್ ಹೋಯಿತು. ಚೌಕಟ್ಟು ಮೊದಲೇ ಗಟ್ಟಿಯಾಗಿದ್ದರೆ ಒಂದು ಬೀದಿಯ ತಪ್ಪು ಆ ಬೀದಿಯಲ್ಲೇ ಉಳಿಯುತ್ತದೆ.

ದೂರದಿಂದ ಕಾಣುವ ಮೂರು ಗುರುತು ಹಿಡಿಯಿರಿ. ಗುಡಿ ಗೋಪುರ, ನೀರಿನ ಟ್ಯಾಂಕು, ನಾಲೆ ಸೇತುವೆ, ಹೀಗೆ. ಆ ಮೂರರ ನಡುವಿನ ದೂರ ನೇರವಾಗಿ ಅಳೆಯಿರಿ, ಎರಡೆರಡು ಸಲ. ಮೂರು ಬದಿ ಗೊತ್ತಾದ ತ್ರಿಕೋನ ಅಲುಗಾಡುವುದಿಲ್ಲ. ನಾಲ್ಕು ಕಡ್ಡಿಯ ಚೌಕ ತಳ್ಳಿದರೆ ವಾಲುತ್ತದೆ, ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಕಟ್ಟಿದರೆ ನಿಲ್ಲುತ್ತದೆ. ಇದನ್ನು ಮಕ್ಕಳಿಗೆ ಮಾಡಿಯೇ ತೋರಿಸಿ, ಮರೆಯುವುದಿಲ್ಲ. 1802ರಲ್ಲಿ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸರ್ವೆ ಅಧಿಕಾರಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಸುಮಾರು ಏಳೂವರೆ ಮೈಲಿಯ ಒಂದು ಗೆರೆಯನ್ನು ಸರಪಳಿ ಹಿಡಿದು ಅಳೆದರು. ಅಲ್ಲಿಂದ ಕೋನ ಅಳೆಯುತ್ತಾ ತ್ರಿಕೋನಕ್ಕೆ ತ್ರಿಕೋನ ಜೋಡಿಸಿದ ಆ ಸರ್ವೆ ಮುಂದೆ ಹಿಮಾಲಯ ಮುಟ್ಟಿತು. ನಿಮ್ಮೂರಿಗೂ ಅದೇ ಸೂತ್ರ.

ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಹಾಸಬೇಡಿ. ಮಟ್ಟಸವಾಗಿ ಎತ್ತಿ ಹಿಡಿದು, ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ಕೆಳಗೆ ಗುರುತು ಮಾಡಿ. ನಕ್ಷೆಗೆ ಬೇಕಾದದ್ದು ಮೇಲಿಂದ ನೋಡಿದಾಗ ಕಾಣುವ ದೂರ.

ಇನ್ನು ಅಳತೆ ಪ್ರಮಾಣ. ಹಾಳೆ ಮುಗಿದದ್ದು ಇದನ್ನು ಮೊದಲೇ ಲೆಕ್ಕ ಹಾಕದ್ದಕ್ಕೆ. ಚಾರ್ಟ್ ಹಾಳೆಯಲ್ಲಿ 1 ಸೆಂ.ಮೀ.ಗೆ 50 ಮೀಟರ್ ಇಟ್ಟರೆ ನಿಮ್ಮೂರು 60 × 40 ಸೆಂ.ಮೀ. ಆಗುತ್ತದೆ. ಗೋಡೆ ಮೇಲೆ 1 ಸೆಂ.ಮೀ.ಗೆ 20 ಮೀಟರ್ ಇಡಿ. 150 × 100 ಸೆಂ.ಮೀ. ಆಗಿ, ಗುರುತುಗಳ ಪಟ್ಟಿಗೂ ಜಾಗ ಉಳಿಯುತ್ತದೆ. ಹಾಳೆಯಲ್ಲಿ 2 ಸೆಂ.ಮೀ. ಚೌಕ ಹಾಕಿ, ಗೋಡೆಯಲ್ಲಿ 5 ಸೆಂ.ಮೀ. ಎರಡೂ ನೆಲದ ಮೇಲೆ 100 ಮೀಟರೇ. ಚೌಕಗಳನ್ನು ಮಕ್ಕಳಿಗೆ ಹಂಚಿ ಕೊಡಬಹುದು.

ಪ್ರಮಾಣವನ್ನು ಬರೀ ಅಂಕಿಯಲ್ಲಿ ಬರೆಯಬೇಡಿ, ಮೀಟರ್ ಗುರುತು ಹಾಕಿದ ಅಳತೆ ಪಟ್ಟಿಯಾಗಿ ಎಳೆಯಿರಿ. ನಾಳೆ ಯಾರಾದರೂ ಫೋಟೋ ತೆಗೆದು ಚಿಕ್ಕದು ಮಾಡಿದರೆ ಅಂಕಿ ಸುಳ್ಳಾಗುತ್ತದೆ. ಪಟ್ಟಿ ನಕ್ಷೆಯ ಜೊತೆಗೇ ಚಿಕ್ಕದಾಗುತ್ತದೆ.

ಶಿಕ್ಷಕಿ:
ಎಲ್ಲ ಮನೆ, ಎಲ್ಲ ಬಾವಿ ಬರೆಯಬೇಕಾ ಸಾರ್?

ಭೂಮಾಪಕ:
ಬೇಡ. 3 ಮೀಟರ್ ಬಾವಿ ನಿಮ್ಮ ಗೋಡೆಯಲ್ಲಿ ಒಂದೂವರೆ ಮಿಲಿಮೀಟರ್, ಕಾಣುವುದೇ ಇಲ್ಲ. ಅದಕ್ಕೆ ಗುರುತು ಬೇಕು. ನಕ್ಷೆ ಯಾತಕ್ಕೆ ಅಂತ ಮೊದಲು ಮಕ್ಕಳನ್ನೇ ಕೇಳಿ. ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅಂತ ತೋರಿಸಬೇಕಾದರೆ ನಾಲೆ, ತೂಬು, ಕೆರೆ, ಬಾವಿ ಇರಲಿ. ಅಂಗಡಿ ಬಿಡಿ. ಎಲ್ಲ ತುಂಬಿಸಿದರೆ ಏನೂ ಓದಲಾಗುವುದಿಲ್ಲ. ಸರ್ವೆ ಆಫ್ ಇಂಡಿಯಾ ಹಾಳೆಗಳಲ್ಲಿರುವಂತೆ ನೀರಿಗೆ ನೀಲಿ, ಕಾಡಿಗೆ ಹಸಿರು, ಸಾಗುವಳಿಗೆ ಹಳದಿ ಇಟ್ಟುಕೊಳ್ಳಿ. ಹೊಲಗಳ ಹಳೇ ಹೆಸರನ್ನು ಮಾತ್ರ ಹಿರಿಯರನ್ನು ಕೇಳಿ ಬರೆಸಿ. ಪಹಣಿಯಲ್ಲಿ ಬರೀ ಸರ್ವೆ ನಂಬರ್ ಇರುತ್ತದೆ, ಹೆಸರು ಅಜ್ಜ ಅಜ್ಜಿಯರ ಹತ್ತಿರ ಮಾತ್ರ ಇದೆ. ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ.

ಇನ್ನೊಬ್ಬ ಸದಸ್ಯ (ರೈತ, ಮದ್ದೂರು):
ಅಣ್ಣ, ಮೊಬೈಲ್ ಜಿಪಿಎಸ್‌ನಲ್ಲೇ ಎಲ್ಲ ಸಿಗುತ್ತಲ್ವಾ? ನಮ್ಮ ಬದುವಿನ ಜಗಳಕ್ಕೂ ಅದನ್ನೇ ತೋರಿಸೋಣ ಅಂತಿದ್ದೆ.

ಭೂಮಾಪಕ:
ಅದು ಬೇಡ ಅಣ್ಣ. ಬಯಲಲ್ಲೇ ಮೊಬೈಲು ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ, ತೆಂಗಿನ ತೋಟದೊಳಗೆ ಇನ್ನೂ ಜಾಸ್ತಿ. ಶಾಲೆ ಗೋಡೆಯಲ್ಲಿ 5 ಮೀಟರ್ ಅಂದರೆ ಎರಡೂವರೆ ಮಿಲಿಮೀಟರ್, ನಡೆಯುತ್ತದೆ. ನಿಮ್ಮ ಬದುವಿನಲ್ಲಿ ನಡೆಯುವುದಿಲ್ಲ. 33 ಅಡಿ ಉದ್ದ, 33 ಅಡಿ ಅಗಲಕ್ಕೆ ಒಂದು ಗುಂಟೆ. ಒಂದು ಕಡೆ 5 ಮೀಟರ್ ತಪ್ಪಿದರೆ ಅರ್ಧ ಗುಂಟೆ ಹತ್ತಿರ ಹೋಗುತ್ತದೆ. ಸುಮ್ನೆ ಜಗಳ ಬೆಳೆಸಬೇಡಿ. ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಭೂಮಾಪಕರು ಬಂದು ಗಡಿ ಗುರುತಿಸುವುದಕ್ಕೆ, ಅರ್ಜಿ ಹಾಕಿ, ಅಕ್ಕಪಕ್ಕದವರ ಎದುರಿಗೇ ಅಳೆಸಿ.

ಶಿಕ್ಷಕಿ:
ಬರುವ ಶನಿವಾರ ತ್ರಿಕೋನದಿಂದ ಶುರು ಮಾಡುತ್ತೇವೆ ಸಾರ್.

ಭೂಮಾಪಕ:
ಬೆಳಿಗ್ಗೆ ಎಂಟಕ್ಕೆ ನಾನೂ ಬರುತ್ತೇನೆ ಮೇಡಂ. ನನ್ನ ಹತ್ತಿರ ಹಳೆಯ 33 ಅಡಿ ಸರಪಳಿ ಇದೆ. ಮಕ್ಕಳು ಹಿಡಿದು ಎಳೆದು ನೋಡಲಿ.